ಪರದೆಯ ಹೆಂಗಸರ ಕಡೆ

ಒಂದಾನೊಂದು ಕಾಲದಲ್ಲಿ, ದಸರೆಗೆ ಇನ್ನೂ ಹದಿನೈದು ದಿನ ಇದೆ ಅನ್ನುವಾಗಲೇ ಮಣ್ಣು ಕಲಸಲು ಕೂರುತ್ತಿದ್ದ ಒಬ್ಬ ಗೊಂಬೆ ಮಾಡುವಾಕೆ ಇದ್ದಳಂತೆ. ಅವಳಿಗೆ ಐದು ವರ್ಷದ ಒಬ್ಬಳೇ ಮಗಳು. ಒಂದು ವಿಜಯದಶಮಿಯ ದಿನ ಇಬ್ಬರೂ ಜಂಬೂಸವಾರಿ ನೋಡಲು ಹೋದಾಗ, ಆನೆ ಬಂತು ಎಂದು ಜನ ನುಗ್ಗಿದ ರಭಸಕ್ಕೆ ಮಗಳ ಕೈ ಜಾರಿಹೋಯಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಮರುವರ್ಷದ ನವರಾತ್ರಿಗೆ ತಾಯಿ ಆರು ವರ್ಷದ ಹುಡುಗಿಯ ಗೊಂಬೆ ಮಾಡಿ ಮೊದಲ ಮೆಟ್ಟಿಲ ಮೇಲೆ ಕೂರಿಸಿದಳು. ಅದರ ಮುಂದಿನ ವರ್ಷ ಏಳು ವರ್ಷದವಳದ್ದು, ಎರಡನೇ ಮೆಟ್ಟಿಲಿಗೆ. ಮಗಳು ಎಲ್ಲೋ ಬೆಳೆಯುತ್ತಿದ್ದಾಳಲ್ಲ, ಗೊಂಬೆಯೂ ಬೆಳೆಯಬೇಡವೇ? ಹೀಗೆ ಎಂಟು ವರ್ಷ, ಎಂಟು ಗೊಂಬೆ. ಒಂಬತ್ತನೇ ವರ್ಷ ಮಣ್ಣು ಹದಕ್ಕೆ ಬಂತು, ಮೈ ಬಂತು, ಲಂಗದ ನೆರಿಗೆ ಬಂತು, ಮುಖ ಮಾತ್ರ ಬರಲಿಲ್ಲ. ಹದಿನಾಲ್ಕರ ಹುಡುಗಿಯ ಮುಖ ಹೇಗಿರುತ್ತದೆಂದು ತಾಯಿಗೆ ಹೊಳೆಯಲೇ ಇಲ್ಲ. ಆಯುಧಪೂಜೆಯ ಸಂಜೆ ಅವಳು ಮುಖವಿಲ್ಲದ ಗೊಂಬೆಯ ಮುಂದೆ ಕೂತಿದ್ದಾಗ, ಹೂ ಮಾರುವ ಹುಡುಗಿಯೊಬ್ಬಳು ಬಾಗಿಲಲ್ಲಿ ಬಂದು ನಿಂತಳು. ಕತ್ತಲಾಗಿತ್ತು. ತಾಯಿ ಎಡಗೈಯಲ್ಲಿ ದೀಪ ಹಚ್ಚಿ ಮೇಲೆತ್ತಿದಳು. ನೋಡಿದಳು.

ಅಲ್ಲಿಗೆ ಅಜ್ಜಿ ನಿಲ್ಲಿಸುತ್ತಿದ್ದಳು. ಆ ಹುಡುಗಿ ನಕ್ಕಳಾ, ಅತ್ತಳಾ ಎಂದು ನಾನು ಎಷ್ಟು ಸಲ ಕೇಳಿದರೂ ಒಂದೇ ಉತ್ತರ: ಅದು ತನಗೂ ಗೊತ್ತಿಲ್ಲ. ಉಳಿದ ಕಥೆಗಳಲ್ಲಿ ಹುಲಿಗೂ ಹಲಸಿನ ಮರಕ್ಕೂ ಮಾತು ಕೊಡುತ್ತಿದ್ದವಳಿಗೆ ಒಂದು ನಗು ಸೇರಿಸುವುದು ಯಾಕೆ ಕಷ್ಟ ಅಂತ ನನಗೆ ಸಿಟ್ಟು ಬರುತ್ತಿತ್ತು.

ನನ್ನ ಅಜ್ಜಿಯ ಹೆಸರು ದೇವಿರಮ್ಮ. ವರುಣದ ಕಡೆಯ ಹಳ್ಳಿಯವಳು. ನನ್ನನ್ನು ಬೆಳೆಸಿದ್ದು ಅವಳು, ಅವಳಿಗಿಂತ ಹೆಚ್ಚಾಗಿ ಅವಳ ಕಥೆಗಳು. ನಾನು ಹುಟ್ಟಾ ಎಡಚಿ. ಎಡಗೈಯಲ್ಲಿ ತುತ್ತು ಎತ್ತಿದರೆ ಮನೆಗೆ ಬಂದ ನೆಂಟರೆಲ್ಲ ಕೈಗೆ ಹೊಡೆಯುವವರೇ. ದೇವರ ದೀಪಕ್ಕಂತೂ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅಜ್ಜಿ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು ಗೊಂಬೆಯಾಕೆಯ ಕಥೆ ತೆಗೆಯುತ್ತಿದ್ದಳು. ಮಣ್ಣು ತಟ್ಟಿದ್ದು ಎಡಗೈ, ಕಣ್ಣು ಬರೆದದ್ದು ಎಡಗೈ, ದೀಪ ಹಚ್ಚಿದ್ದೂ ಎಡಗೈ. ಇದು ಕಟ್ಟಿದ ಕಥೆಯಲ್ಲ, ಇಂದಿಗೆ ಐವತ್ತೈದು ವರ್ಷದ ಹಿಂದೆ ದಸರೆಯ ರಜೆಯಲ್ಲಿ ತನ್ನೂರಿಗೆ ಬಂದಿದ್ದ ಸಿನಿಮಾ, ಕಣ್ಣಾರೆ ನೋಡಿದ್ದೇನೆ ಅನ್ನುತ್ತಿದ್ದಳು. ಸಿನಿಮಾದ ಹೆಸರೇನು ಅಂದರೆ, ಅದರ ಅಕ್ಷರವನ್ನು ಯಾರಿಗೂ ಓದಲಾಗುತ್ತಿರಲಿಲ್ಲ ಅನ್ನುತ್ತಿದ್ದಳು. ಅದು ದೇವರ ಲಿಪಿ ಇರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ.

ನಮ್ಮಪ್ಪ ಚೆಲುವರಾಜು ನಂಬುವವರಲ್ಲ. ದಟ್ಟಗಳ್ಳಿಯಲ್ಲಿ ಬಣ್ಣದ ಅಂಗಡಿ ಇಟ್ಟವರು, ಡಬ್ಬದ ಮೇಲೆ ಬರೆದದ್ದೇ ಒಳಗೂ ಇರಬೇಕು ಅನ್ನುವ ಮನುಷ್ಯ. ಅಂಥ ಸಿನಿಮಾನೇ ಇಲ್ಲ, ಮೊಮ್ಮಗಳು ಎಡಚಿ ಅಂತ ನೊಂದುಕೊಳ್ಳುತ್ತಾಳೆಂದು ಅವ್ವ ಕಟ್ಟಿದ್ದು ಅನ್ನುತ್ತಿದ್ದರು. ದೊಡ್ಡವಳಾಗುತ್ತಾ ನಾನೂ ಹಾಗೇ ಅಂದುಕೊಂಡೆ. ಅಜ್ಜಿಯ ಮೇಲೆ ಪ್ರೀತಿ ಹೆಚ್ಚಾಯಿತೇ ಹೊರತು, ಗೊಂಬೆಯಾಕೆ ಮಾತ್ರ ಒಂದು ಹಿಡಿ ಮಣ್ಣಾಗಿ ಉಳಿದಳು.

ಹೋದ ಯುಗಾದಿಯ ಹೊತ್ತಿಗೆ ಅಜ್ಜಿಯ ಕಣ್ಣು ಮಂಜಾಯಿತು. ಆಪರೇಷನ್ನಿಗೆ ಬಗ್ಗುವ ಪೊರೆಯಲ್ಲ, ಕಣ್ಣಿನ ಹಿಂಭಾಗ ಸವೆದಿದೆ ಎಂದರು ಡಾಕ್ಟರು. ದೂರದ್ದೆಲ್ಲ ಕಲಸಿಹೋಗಿ, ಮುಖಕ್ಕೆ ಒಂದು ಗೇಣು ಹತ್ತಿರ ತಂದದ್ದು ಮಾತ್ರ ಕಾಣುತ್ತಿತ್ತು. ಅದೂ ಇನ್ನೊಂದು ದಸರೆಯವರೆಗೆ ಇದ್ದರೆ ಹೆಚ್ಚು. ಅಕ್ಕಿ ಆರಿಸುವಾಗ ಮೊರವನ್ನು ಮೂಗಿಗೆ ತಾಗಿಸಿಕೊಂಡು ಕೂರುವಳು. ಒಂದು ದಿನ ಹಾಗೆ ಕೂತೇ ಅಂದಳು:

"ಆ ಸಿನ್ಮಾದಾಗೆ ಕಡೇಲಿ ಆ ಹೆಣ್ಮಗ ಮುಖ ತೋರ್ತದಲ್ಲ, ಅದೊಂದ ನಾ ನೋಡ್ಲಿಲ್ಲ ಕಣವ್ವ. ಅಷ್ಟೊತ್ಗೆ ಕಣ್ತುಂಬ ನೀರು. ನಿಮ್ಮಪ್ಪ ವೊಟ್ಟೇಲಿದ್ದ ಆವಾಗ. ಸೆರಗ್ನಾಗೆ ಒರೆಸ್ಕಂಡು ನೋಡ್ತೀನಿ, ಪರ್ದೆ ಬೆಳ್ಳಗಾಗೋಗದೆ. ಮಾರ್ನೆ ದಿನಾನೆ ಸಿನ್ಮಾದೋರು ಗಂಟು ಕಟ್ಕಂಡು ವೊಂಟೋದ್ರು."

ಅಂದರೆ ಅಜ್ಜಿ ಆ ನಗುವನ್ನೋ ಅಳುವನ್ನೋ ಮುಚ್ಚಿಟ್ಟಿರಲಿಲ್ಲ. ನೋಡದೇ ಇದ್ದದ್ದನ್ನು ಹೇಳಿರಲಿಲ್ಲ, ಅಷ್ಟೇ. ಹಾಗಿದ್ದರೆ ಉಳಿದದ್ದೆಲ್ಲ ನಿಜವಾಗಿಯೂ ನೋಡಿದ್ದೇ? ಆ ಮುಖವನ್ನು ನಿನಗೆ ತೋರಿಸುತ್ತೇನೆ ಅಜ್ಜಿ ಎಂದು ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟದ್ದೇನೋ ಆಯಿತು, ಹೆಸರಿಲ್ಲದ ಸಿನಿಮಾವನ್ನು ಹುಡುಕುವುದು ಹೇಗೆ? ನಾನು ಸಿದ್ಧಾರ್ಥನಗರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಶಾಲೆ ಬಿಟ್ಟ ಮೇಲೆ ಲೈಬ್ರರಿಯಲ್ಲಿ ಕೂತು ಹಳೆಯ ಪತ್ರಿಕೆಗಳ ಜಾಹೀರಾತು ತಿರುವಿದೆ. ಹಿರಿಯರು ಯಾರೇ ಸಿಕ್ಕರೂ, ದಸರಾ ರಜೆಯಲ್ಲಿ ನೀವು ಯಾವ ಸಿನಿಮಾ ನೋಡಿದ್ದಿರಿ ಎಂದು ಕೇಳಿ ಬರೆದುಕೊಂಡೆ. ಅವರು ಹೇಳಿದ್ದರಲ್ಲಿ ಅಂತರ್ಜಾಲದಲ್ಲಿ ಸಿಕ್ಕಷ್ಟನ್ನು ನೋಡಿದೆ. ಎಷ್ಟೊಂದು ಇದ್ದವು. ಹಬ್ಬಕ್ಕೆಂದೇ ತೆಗೆದವು, ಹಬ್ಬ ಮುಗಿದ ಮೇಲೆ ಎಲ್ಲರೂ ಮರೆತವು. ಒಂದರಲ್ಲಿ ಬನ್ನಿಮರದ ಕೆಳಗೆ ಎರಡು ಮನೆಯವರ ಜಗಳ ತೀರುತ್ತದೆ. ಇನ್ನೊಂದರಲ್ಲಿ ಮಾವುತನ ಹೆಂಡತಿ ರಾತ್ರಿಯೆಲ್ಲ ಆನೆಯ ಹಣೆಗೆ ಬಣ್ಣದ ಬಳ್ಳಿ ಬರೆಯುತ್ತಾಳೆ. ಹಾಡಿಲ್ಲ, ಮಾತಿಲ್ಲ, ಬರೀ ಕುಂಚ ಮತ್ತು ಆನೆಯ ಕಣ್ಣು. ಗೀರುಬಿದ್ದ, ಬಣ್ಣಗೆಟ್ಟ ಆ ಐದು ನಿಮಿಷವನ್ನು ನಾನು ಮತ್ತೆ ಮತ್ತೆ ನೋಡಿದೆ. ನಮ್ಮ ಊರಿನವರೇ ಇಂಥದ್ದನ್ನು ನೋಡಿ ಎದ್ದು ಹೋಗಿ, ಚುರುಮುರಿ ತಿಂದು ಮಲಗಿದ್ದರು.

ಅಜ್ಜಿಯದು ಮಾತ್ರ ಸಿಗಲಿಲ್ಲ. ಕೊನೆಗೆ ನಮ್ಮ ಶಾಲೆಯ ಆಯಾ ಬೋರಮ್ಮ, ಅಗ್ರಹಾರದ ಓಣಿಯಲ್ಲಿ ಮಿಕ್ಸಿ ರಿಪೇರಿ ಮಾಡುವ ಒಬ್ಬ ಮುದುಕ ಹಿಂದೆ ಹಬ್ಬಕ್ಕೆ ಊರೂರು ಸುತ್ತಿ ಸಿನಿಮಾ ಪರದೆ ಕಟ್ಟುತ್ತಿದ್ದನೆಂದು ಹೇಳಿದಳು. ಅವರೇ ಕರಿಬಸವಯ್ಯ. ಎಂಬತ್ತರ ಹತ್ತಿರದವರು. ನಾನು ಕಥೆ ಅರ್ಧ ಹೇಳುವಷ್ಟರಲ್ಲಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಮಂಚದ ಕೆಳಗಿನಿಂದ ಐದು ತಗಡಿನ ಡಬ್ಬ ಎಳೆದರು. ಮೇಲೆ ಸುಣ್ಣದಲ್ಲಿ 'ಒಂಬತ್ತನೆಯ ಮೆಟ್ಟಿಲು' ಎಂದು ಬರೆದಿತ್ತು. ಪಟ್ಟಣದಲ್ಲಿ ಒಂದು ವಾರವೂ ಓಡದೆ, ಹಂಚಿಕೆದಾರರು ಕೈಬಿಟ್ಟ ಸಿನಿಮಾ ಅದು. ಹಳ್ಳಿಗೆ ಒಯ್ಯುವ ಸಣ್ಣ ಅಳತೆಯ ಪ್ರಿಂಟು ಇವರ ಬಳಿಯೇ ಉಳಿದುಬಿಟ್ಟಿತ್ತು. ಮುಚ್ಚಳ ತೆಗೆದರೆ ಉಪ್ಪಿನಕಾಯಿ ಕೆಟ್ಟಂಥ ಹುಳಿ ವಾಸನೆ.

"ರೀಲು ಒಣಗಿ ಮುದುರ್ಕೊಂಡದೆ ತಾಯಿ. ಒಂದ್ಸಲ ಓಡುತ್ತೆ. ಎರಡ್ನೇ ಸಲಕ್ಕೆ ನಾ ಗ್ಯಾರಂಟಿ ಕೊಡಲ್ಲ."

ನನ್ನ ಸಮಾಧಾನಕ್ಕೆ ಮೊದಲ ಡಬ್ಬದ ಎರಡು ನಿಮಿಷ ಮಾತ್ರ ಓಡಿಸುತ್ತೇನೆ ಎಂದರು. ಕಿಟಕಿಗೆ ಜಮಖಾನ ಹೊದಿಸಿ, ಗೋಡೆಯ ಕ್ಯಾಲೆಂಡರ್ ತೆಗೆದರು. ಪ್ರೊಜೆಕ್ಟರ್ ಹೊಲಿಗೆ ಯಂತ್ರದಂತೆ ಕಟಕಟ ಅಂದಿತು. ಗೋಡೆಯ ಮೇಲೆ ಒಂದು ಹಜಾರ, ಒಂಬತ್ತು ಮೆಟ್ಟಿಲು, ಮಣ್ಣಿನ ಗುಡ್ಡೆಯ ಮುಂದೆ ಕೂತ ಹೆಂಗಸು. ಅವಳ ಕಪ್ಪು ಗಾಜಿನ ಬಳೆ, ಕಿವಿಯ ಹಿಂದೆ ಸಿಕ್ಕಿಸಿದ ಕುಂಚ, ಮಣ್ಣು ಮೆತ್ತಿದ ಹಣೆ, ಎಲ್ಲ ಅಜ್ಜಿ ಹೇಳಿದ ಹಾಗೆಯೇ. ನನ್ನ ಬಾಲ್ಯ ಆ ಸುಣ್ಣದ ಗೋಡೆಯ ಮೇಲೆ ಉಸಿರಾಡುತ್ತಿತ್ತು. ಅವಳು ಕುಂಚ ಎಳೆದುಕೊಂಡು ಗೊಂಬೆಗೆ ಕಣ್ಣು ಬರೆದಳು.

ಬಲಗೈಯಲ್ಲಿ.

ಇದಲ್ಲ ಅಂದೆ. ಇದೇ, ಆದರೆ ಇವಳಲ್ಲ, ನಮ್ಮಜ್ಜಿಯ ಗೊಂಬೆಯಾಕೆ ಎಡಚಿ ಎಂದೆ. ಕರಿಬಸವಯ್ಯ ಮಷೀನು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ಬೊಚ್ಚುಬಾಯಿ ತೆರೆದು ನಗತೊಡಗಿದರು.

"ನಿಮ್ಮಜ್ಜಿ ಹೆಂಗಸರ ಕಡೆ ಕೂತಿದ್ರು ಕಣಮ್ಮ. ಆ ಕಡೆ ಎಲ್ಲಾ ಎಡಚರೇ."

ಆಗ ವಿವರಿಸಿದರು. ಬಯಲಿನ ನಡುವೆ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು. ಮಷೀನಿನ ಕಡೆ ಗಂಡಸರು. ಹೆಂಗಸರು ಬಟ್ಟೆಯ ಆ ಕಡೆ. ಊರ ಹಿರಿಯರು ಮಾಡಿದ ಕಟ್ಟು. ತೆಳು ಬಟ್ಟೆಯಲ್ಲಿ ಬೆಳಕು ತೂರಿ ಚಿತ್ರ ಅವರಿಗೂ ಕಾಣುತ್ತಿತ್ತು, ಕನ್ನಡಿಯಲ್ಲಿ ಕಂಡಂತೆ ಎಡ ಬಲವಾಗಿ, ಬಲ ಎಡವಾಗಿ. ಅಕ್ಷರವೂ ತಿರುಗುಮುರುಗು. ಹೆಸರು ಓದಲು ಯಾರಿಗೆ ಸಾಧ್ಯ?

ನಾನು ಆ ಓಣಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ. ಹೂವಿನ ಗಾಡಿಯವನು ಎರಡು ಸಲ ಸರಿಯಮ್ಮ ಅಂದ. ಅಜ್ಜಿ ನನ್ನ ಸಮಾಧಾನಕ್ಕೆ ಆ ಎಡಗೈಯನ್ನು ಹುಟ್ಟಿಸಿ ಹೇಳಿರಲಿಲ್ಲ. ಹದಿನಾರರ ಬಸುರಿ ಹುಡುಗಿ ಪರದೆಯ ಹಿಂದೆ ಕೂತು ತನ್ನ ಕಣ್ಣಿಗೆ ಬಿದ್ದದ್ದನ್ನು ಒಂದು ಚೂರೂ ಕದಲಿಸದೆ ಇಟ್ಟುಕೊಂಡಿದ್ದಳು. ಮೂವತ್ತು ವರ್ಷ ಬಿಟ್ಟು ಒಂದು ಎಡಚಿ ಮೊಮ್ಮಗಳು ಹುಟ್ಟಿದಾಗ ತೆಗೆದು ಕೊಟ್ಟಿದ್ದಳು. ಊರಿನ ಅರ್ಧ ಜನಕ್ಕೆ ಆ ಗೊಂಬೆಯಾಕೆ ಎಡಚಿಯೇ ಆಗಿದ್ದಳು.

ಮನೆಗೆ ಬಂದು ಎಲ್ಲ ಹೇಳಿದೆ. ಅಪ್ಪ ಒಂದು ಲೋಟ ನೀರು ಕುಡಿದು, ಅಷ್ಟು ವರ್ಷ ಸುಳ್ಳು ಅಂದುಬಿಟ್ಟೆನಲ್ಲವ್ವ ಎಂದರು. ಅಜ್ಜಿ ಅದಕ್ಕೆ, ನೀ ವೊಟ್ಟೇಲಿದ್ದಾಗ್ಲೂ ಆ ಸಿನ್ಮಾ ನೋಡೋ ಟೈಮ್‌ಗೆ ಒದೀತಿದ್ದೆ ಬುಡು, ಅಂದಳು. ಅವಳಿಗೆ ಬೇರೆಯೇ ಕುತೂಹಲ. ಗಂಡಸರ ಕಡೆಯಿಂದ ನೋಡಿದರೆ ಹೇಗಿರುತ್ತದೋ ಎಂದು. ಜನ್ಮದಲ್ಲಿ ಒಂದು ಸಲ ಆ ಕಡೆ ಕೂರಬೇಕಂತೆ.

ಪ್ರಿಂಟನ್ನು ಕಾಪಿ ಮಾಡಿಸೋಣವೆಂದು ಮುಂಬೈಯ ಲ್ಯಾಬಿನವರನ್ನು ವಿಚಾರಿಸಿದರೆ, ಸರದಿ ಬರಲು ಒಂದು ವರ್ಷ ಎಂದರು. ಅಂದು ಕರಿಬಸವಯ್ಯನವರ ಗೋಡೆಯಿಂದ ಫೋನಿನಲ್ಲಿ ಹಿಡಿದಿದ್ದ ತುಣುಕನ್ನು ಅಜ್ಜಿಯ ಮೂಗಿನ ಹತ್ತಿರ ಹಿಡಿದೆ. ಚಿತ್ರದ ಮೇಲೆ ಕಪ್ಪು ಪಟ್ಟೆ ಉರುಳುತ್ತಿತ್ತು. ಇರುವೆ ಓಡಾಡಿದಂತೆ ಕಾಣುತ್ತದೆ ಎಂದು ಮುಖ ತಿರುಗಿಸಿದಳು. ಹಾಗಾಗಿ ಆ ಒಂದೇ ಸಲವನ್ನು ಅಜ್ಜಿಗೇ ಮೀಸಲಿಡುವುದೆಂದು ಕರಿಬಸವಯ್ಯ ಒಪ್ಪಿದರು. ದಸರಾ ರಜೆ ಶುರುವಾಗಿತ್ತು. ಶಾಲೆಯ ಹಾಲ್ ಕೇಳಿ ಪಡೆದೆ. ತಮ್ಮ ತಮ್ಮ ರಜೆಯ ಸಿನಿಮಾಗಳನ್ನು ನನಗೆ ಹೇಳಿದ್ದ ಹಿರಿಯರನ್ನೂ ಕರೆದೆ.

ಆಯುಧಪೂಜೆಯ ಹಿಂದಿನ ದಿನ, ಮಧ್ಯಾಹ್ನ ಮೂರು ಗಂಟೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಕರಿಬಸವಯ್ಯ ನಾಲ್ಕು ಪಂಚೆ ಜೋಡಿಸಿ ಹೊಲಿದ ತಮ್ಮ ಹಳೆಯ ಬಟ್ಟೆಯನ್ನು ಗೋಡೆಗಲ್ಲ, ಹಾಲಿನ ನಡುವಿನ ಎರಡು ಕಂಬಗಳಿಗೆ ಕಟ್ಟಿದರು. ಬೇರೆ ತರ ಕಟ್ಟಿ ಅವರಿಗೆ ಅಭ್ಯಾಸವೇ ಇಲ್ಲ. ಅಜ್ಜಿ ರೇಷ್ಮೆ ಸೀರೆ ಉಟ್ಟು, ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಳು. ಈ ಸಲ ಅಳಬಾರದೆಂದು ಮನೆಯಿಂದಲೇ ತೀರ್ಮಾನಿಸಿ ಬಂದಿದ್ದಳು.

ಸಿನಿಮಾ ಶುರುವಾಯಿತು. ಜಂಬೂಸವಾರಿ, ಜನಸಾಗರ, ಜಾರಿದ ಪುಟ್ಟ ಕೈ. ಹತ್ತು ನಿಮಿಷ ಬಿಟ್ಟು ಅಜ್ಜಿಯ ಕಿವಿಯಲ್ಲಿ ಹೇಗಿದೆ ಎಂದು ಕೇಳಿದೆ. ಚೆನ್ನಾಗದೆ ಅಂದಳು. ಮದುವೆ ಮನೆಯಲ್ಲಿ ಉಪ್ಪಿಲ್ಲದ ಸಾರಿಗೆ ಹೇಳುವ ಹಾಗಿತ್ತು ಆ ಮಾತು. ಅವಳ ಮುಖ ನೋಡಿದೆ. ಕಣ್ಣು ಪರದೆಯ ಮೇಲಿರಲಿಲ್ಲ, ಸ್ಪೀಕರಿನ ಕಡೆ ತಿರುಗಿತ್ತು. ಅವಳಿಗೆ ಏನೂ ಕಾಣುತ್ತಿರಲಿಲ್ಲ.

ಅಪ್ಪ ಕುರ್ಚಿಯನ್ನು ಮುಂದೆ ತಳ್ಳಿದರು. ಇನ್ನೂ ಮುಂದೆ. ಪರದೆಗೆ ನಾಲ್ಕು ಅಡಿ ಇರುವಾಗ ಅಜ್ಜಿಯ ತಲೆಯ ಕರಿನೆರಳು ಗೊಂಬೆಯಾಕೆಯ ಮುಖದ ಮೇಲೆ ಬಿತ್ತು. ಹಿಂದಿನಿಂದ ಯಾರೋ, ಅಯ್ಯೋ ಸೂರ್ಯಗ್ರಹಣ ಎಂದರು. ಹಾಲ್ ನಕ್ಕಿತು. ಅಜ್ಜಿ ನಾಚಿ ತಲೆ ಬಗ್ಗಿಸಿದಳು, ನೆರಳೂ ಬಗ್ಗಿತು. ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆವು. ಒಂದು ಸುರುಳಿ ಮುಗಿಯಿತು, ಎರಡನೆಯದೂ ಮುಗಿಯಿತು. ಒಂದೇ ಸಲ ಓಡುವ ಸಿನಿಮಾ ಅಜ್ಜಿಯ ಕಣ್ಣೆದುರೇ ಖರ್ಚಾಗುತ್ತಿತ್ತು. ಮಷೀನು ನಿಲ್ಲಿಸಿ ಎಂದು ಎದ್ದು ಹೇಳಲು ನನಗೆ ಧೈರ್ಯವಿರಲಿಲ್ಲ. ನಿಲ್ಲಿಸಿ ಮಾಡುವುದಾದರೂ ಏನು?

ಮೂರನೇ ಸುರುಳಿ ಮುಗಿದಾಗ ಕರಿಬಸವಯ್ಯ ದೀಪ ಹಾಕಿದರು. ಒಂದೇ ಮಷೀನು, ಸುರುಳಿ ಬದಲಿಸಲು ಐದು ನಿಮಿಷ ಬೇಕು. ಅಜ್ಜಿ ನನ್ನ ಮೊಣಕೈ ಹಿಡಿದು ಎದ್ದು ನಿಂತಳು.

"ನಡಿಯವ್ವ, ನಮ್ಮ ಕಡೆ ವೋಗವ. ಇಲ್ಲಿ ಬೆಳಕು ನಂಗೆ ಅಡ್ಡ, ನಾನು ಬೆಳಕ್ಗೆ ಅಡ್ಡ."

ನನಗೆ ಆ ಕ್ಷಣಕ್ಕೆ ಅರ್ಥವೇ ಆಗಲಿಲ್ಲ. ಪರದೆಯ ಅಂಚು ಎತ್ತಿ ಆ ಕಡೆ ಹೋದ ಮೇಲೆ ಹೊಳೆಯಿತು. ಇಲ್ಲಿ ಮಷೀನು ಬಟ್ಟೆಯ ಆಚೆಗಿದೆ. ಎಷ್ಟು ಹತ್ತಿರ ಹೋದರೂ ನೆರಳು ಬೀಳುವುದಿಲ್ಲ. ಅಜ್ಜಿಯ ಕುರ್ಚಿಯನ್ನು ಬಟ್ಟೆಗೆ ಮುಟ್ಟುವಷ್ಟು ಹತ್ತಿರ ಇಟ್ಟೆ. ಅವಳ ಮೂಗಿಗೂ ಬಟ್ಟೆಗೂ ನಡುವೆ ಒಂದು ಗೇಣು. ಮೊರ ಹಿಡಿದಾಗ ಇರುವಷ್ಟು.

ಅಷ್ಟರಲ್ಲಿ ಕುರ್ಚಿ ಎಳೆಯುವ ಸದ್ದು. ಬೋರಮ್ಮ ತನ್ನ ಕುರ್ಚಿ ಹೊತ್ತು ಪರದೆ ದಾಟಿ ಬಂದಳು. ಅವಳ ಹಿಂದೆ ಇನ್ನೂ ಮೂವರು ಅಜ್ಜಿಯರು. ಎಲ್ಲಿಗ್ರಮ್ಮ ಎಂದು ಆ ಕಡೆಯಿಂದ ಯಾರೋ ಗಂಡಸರು ಕೇಳಿದ್ದಕ್ಕೆ, "ನಮ್ ಸೀಟ್ಗೆ ಕಣಪ್ಪ, ನಿಮ್ ಕಡೆ ಬೀಡಿ ವಾಸ್ನೆ" ಎಂದಳು ಬೋರಮ್ಮ. ಯಾರೂ ಬೀಡಿ ಸೇದಿರಲಿಲ್ಲ. ಐವತ್ತು ವರ್ಷದ ಹಿಂದಿನ ಬೀಡಿ ಇರಬೇಕು ಅದು.

ದೀಪ ಆರಿತು. ನಾಲ್ಕನೇ ಸುರುಳಿ ಶುರುವಾಯಿತು. ಬಟ್ಟೆಯ ನೇಯ್ಗೆಯ ಒಂದೊಂದು ಎಳೆಯೂ ಬೆಳಕಿನ ಹನಿ ಹಿಡಿದಿತ್ತು. ಗೊಂಬೆಯಾಕೆ ಅಜ್ಜಿಯ ಮುಂದೆ, ಅಜ್ಜಿಗಿಂತ ದೊಡ್ಡವಳಾಗಿ, ಮಣ್ಣು ತಟ್ಟುತ್ತಿದ್ದಳು. ಎಡಗೈಯಲ್ಲಿ. ನಾನು ಆ ಕೈಯನ್ನೇ ನೋಡಿದೆ. ನನ್ನ ಎಡಗೈಯೂ ಮಡಿಲಲ್ಲಿ ಮಣ್ಣು ತಟ್ಟುವಂತೆ ತಾನೇ ತಾನಾಗಿ ಅಲುಗುತ್ತಿತ್ತು. ಅಜ್ಜಿಯ ಕತ್ತು ನಿಧಾನವಾಗಿ ಬಟ್ಟೆಯುದ್ದಕ್ಕೂ ಚಲಿಸುತ್ತಿತ್ತು, ಉದ್ದದ ಓಲೆಯೊಂದನ್ನು ಓದುವವಳಂತೆ. ಒಮ್ಮೆ ಬಳೆ ನೋಡಿ ತಲೆದೂಗಿದಳು. ಒಮ್ಮೆ ಕುಂಚ ನೋಡಿ, ಹೂಂ ಅಂದಳು. ಅವಳ ಬಿಳಿ ಕೂದಲ ಮೇಲೆ, ರೇಷ್ಮೆ ಸೀರೆಯ ಮೇಲೆ, ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಮೆಟ್ಟಿಲುಗಳೂ ಗೊಂಬೆಗಳೂ ಹರಿದಾಡಿದವು. ಅವಳು ಯಾವುದು, ಸಿನಿಮಾ ಯಾವುದು ಎಂದು ನನಗೆ ತಿಳಿಯದಾಯಿತು.

ಕೊನೆಯ ಸುರುಳಿಯಲ್ಲಿ ಎರಡು ಸಲ ರೀಲು ಕಡಿಯಿತು. ಎರಡು ಸಲವೂ ಕರಿಬಸವಯ್ಯ ಬೈದುಕೊಳ್ಳುತ್ತ ಅಂಟಿಸಿದರು. ಅವರು ಈ ಸಿನಿಮಾವನ್ನು ನಲವತ್ತು ಊರುಗಳಲ್ಲಿ ತೋರಿಸಿದ್ದರು. ಕೊನೆ ಹೇಗಿದೆ ಎಂದು ಬೆಳಗ್ಗೆ ಕೇಳಿದ್ದಕ್ಕೆ, ನಾನು ಮಷೀನು ನೋಡುತ್ತಿದ್ದೆ, ಸಿನಿಮಾ ಎಲ್ಲಿ ನೋಡಿದೆ ಎಂದಿದ್ದರು.

ಹೂ ಮಾರುವ ಹುಡುಗಿ ಬಾಗಿಲಲ್ಲಿ ನಿಂತಳು. ಪರದೆ ಕಪ್ಪಾಯಿತು. ಅಜ್ಜಿ ಎರಡೂ ಕೈಯಿಂದ ಕುರ್ಚಿಯ ಹಿಡಿ ಹಿಡಿದು ಕಣ್ಣನ್ನು ಅಗಲವಾಗಿ ತೆರೆದಳು. ರೆಪ್ಪೆ ಹೊಡೆಯದೆ. ಕತ್ತಲಲ್ಲಿ ದೀಪದ ಕುಡಿ ಹೊತ್ತಿತು, ಮೇಲೇರಿತು.

ಆ ಹುಡುಗಿ ತಾಯಿಯನ್ನು ನೋಡಲಿಲ್ಲ. ಮೆಟ್ಟಿಲುಗಳನ್ನು ನೋಡಿದಳು. ಆರು ವರ್ಷದವಳನ್ನು, ಏಳರವಳನ್ನು, ಎಂಟರವಳನ್ನು. ಯಾರೂ ನೋಡದೆ ಕಳೆದುಹೋದ ತನ್ನ ಒಂದೊಂದು ವರ್ಷವನ್ನೂ ಅಲ್ಲಿ ಯಾರೋ ಕೂರಿಸಿಟ್ಟಿದ್ದರು. ಅವಳ ಕಣ್ಣು ಮೆಟ್ಟಿಲು ಹತ್ತುತ್ತಾ ಹತ್ತುತ್ತಾ ಮುಖವಿಲ್ಲದ ಗೊಂಬೆಯ ಹತ್ತಿರ ನಿಂತಿತು. ಆಮೇಲೆ ಅವಳು ಮುಖವನ್ನು ನಮ್ಮ ಕಡೆ ತಿರುಗಿಸಿದಳು. ಆ ಮುಖ ಇಡೀ ಬಟ್ಟೆಯನ್ನು ತುಂಬಿಕೊಂಡಿತು.

ಅಜ್ಜಿ ಆ ಮುಖದ ಬಲಗಣ್ಣಿನಿಂದ ಎಡಗಣ್ಣಿಗೆ, ಅಲ್ಲಿಂದ ಹಣೆಗೆ, ಗಲ್ಲಕ್ಕೆ, ಒಂದೊಂದೇ ಗೇಣು ನೋಡುತ್ತಾ ಹೋದಳು. ತುಟಿಯ ಹತ್ತಿರ ಬಂದು ನಿಂತಳು.

"ಅಳ್ತಿಲ್ಲ ಕಣವ್ವ," ಅಂದಳು. "ನಗ್ತಾನೂ ಇಲ್ಲ. ಬಾಯಿ ಬುಡೋಕೆ ವೊಂಟವ್ಳೆ. ಅವ್ವಾ ಅನ್ನಾಕೆ."

ಸುರುಳಿಯ ತುದಿ ಮಷೀನಿನಿಂದ ಕಳಚಿ ಪಟಪಟ ಬಡಿಯಿತು. ಬಟ್ಟೆ ಬೆಳ್ಳಗಾಯಿತು. ಅಜ್ಜಿ ಆ ಬಿಳುಪನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಒಣಗಿದ ಕಣ್ಣನ್ನು ಈಗ ಮುಚ್ಚಿದಳು.

"ನೋಡ್ದೆ," ಅಂದಳು.